ಅಂಗೈ ಮೇಲಿನ ಕಾಯಿಯನ್ನು ಎಬ್ಬಿಸಿದ್ದು ಯಾರು?

ಪ್ರಶ್ನೆ: ಬೋರ್‌ವೆಲ್ ಪಾಯಿಂಟ್ ನೋಡಲು ದೊಡ್ಡಪ್ಪ ನಮ್ಮ ಹೊಲಕ್ಕೆ ಬಂದಿದ್ದರು. ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಡೆದರು. ಒಂದು ಕಡೆ ಕಾಯಿ ಸಟ್ಟನೆ ಎದ್ದು ನಿಂತಿತು. ‘ದೇವರಾಣೆ, ನಾನೇನೂ ಮಾಡಲಿಲ್ಲ’ ಅನ್ನುತ್ತಾರೆ. ಅವರು ಸುಳ್ಳು ಹೇಳುವವರಲ್ಲ. ಕೈ ಅವರದ್ದೇ ಆಗಿದ್ದೂ ಹಾಗೆ ಅನಿಸುವುದು ಹೇಗೆ? ಅಷ್ಟಕ್ಕೂ ನಾನು ಕೈ ಎತ್ತಿದಾಗ ‘ನಾನೇ ಎತ್ತಿದೆ’ ಅಂತ ನನಗೆ ಗೊತ್ತಾಗುವುದಾದರೂ ಹೇಗೆ?
– ಓದುಗರೊಬ್ಬರು, ಶಿರಾ ತಾಲ್ಲೂಕು

ಉತ್ತರ: ನಿಮ್ಮ ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ. ಆದರೆ ಕಾಯಿಯನ್ನು ಎಬ್ಬಿಸಿದ್ದು ಅವರ ಕೈಯೇ. ಎರಡೂ ಒಟ್ಟಿಗೆ ನಿಜವಾಗಬಹುದು. ಕೆಲಸ ಮಾಡುವುದು ಬೇರೆ, ‘ನಾನು ಮಾಡಿದೆ’ ಅಂತ ಅನಿಸುವುದು ಬೇರೆ. ಈ ಅನಿಸಿಕೆಯನ್ನು ಮೆದುಳು ಬೇರೆಯಾಗಿಯೇ ಲೆಕ್ಕ ಹಾಕುತ್ತದೆ. ಲೆಕ್ಕ ಒಮ್ಮೊಮ್ಮೆ ತಪ್ಪುತ್ತದೆ.

ನಿಮ್ಮ ಎರಡನೇ ಪ್ರಶ್ನೆಯೇ ಮೊದಲಿಗಿಂತ ದೊಡ್ಡದು, ಅದನ್ನೇ ಮೊದಲು ನೋಡೋಣ. ‘ಕೈ ಎತ್ತು’ ಅಂತ ಸ್ನಾಯುಗಳಿಗೆ ಆದೇಶ ಹೋಗುವಾಗ ಅದರ ಒಂದು ನಕಲು ಮೆದುಳಲ್ಲೇ ಉಳಿಯುತ್ತದೆ. ಆ ನಕಲು ನೋಡಿಕೊಂಡು, ಇನ್ನು ಮುಂದೆ ಏನು ಕಾಣಬೇಕು, ಹೇಗೆ ಅನಿಸಬೇಕು ಅಂತ ಮೆದುಳು ಒಂದು ಅಂದಾಜು ಮಾಡಿಟ್ಟುಕೊಳ್ಳುತ್ತದೆ. ಆಮೇಲೆ ಕಣ್ಣು, ಚರ್ಮ, ಕೀಲುಗಳಿಂದ ಸುದ್ದಿ ಬರುತ್ತದೆ. ಅಂದಾಜಿಗೂ ಸುದ್ದಿಗೂ ತಾಳೆಯಾದರೆ ‘ಇದು ನಾನು ಮಾಡಿದ್ದು’. ಆಗದಿದ್ದರೆ ‘ಇದು ಹೊರಗಿನಿಂದ ಬಂದದ್ದು’.

ಬೇಕಾದರೆ ಈಗಲೇ ನೋಡಿ. ಒಂದು ಕಣ್ಣು ಮುಚ್ಚಿ. ತೆರೆದ ಕಣ್ಣಿನ ಹೊರ ಅಂಚನ್ನು ರೆಪ್ಪೆಯ ಮೇಲಿಂದ ಬೆರಳಲ್ಲಿ ಮೆಲ್ಲಗೆ ಒತ್ತಿ. (ಕಣ್ಣಿನ ಆಪರೇಷನ್ ಆದವರು ಬೇಡ.) ಎದುರಿನ ಗೋಡೆ ಅಲ್ಲಾಡಿದಂತೆ ಕಾಣುತ್ತದೆ. ಈಗ ಬೆರಳು ತೆಗೆದು, ಸುಮ್ನೆ ಕಣ್ಣನ್ನು ಅತ್ತಿತ್ತ ಹೊರಳಿಸಿ. ಗೋಡೆ ಇದ್ದಲ್ಲೇ ಇರುತ್ತದೆ. ಕಣ್ಣೊಳಗೆ ಬಿದ್ದ ಚಿತ್ರ ಎರಡು ಸಲವೂ ಜರುಗಿದೆ. ಹೊರಳಿಸುವಾಗ ಕಣ್ಣಿನ ಸ್ನಾಯುಗಳಿಗೆ ಆದೇಶ ಹೋಗಿತ್ತು, ನಕಲೂ ಇತ್ತು. ಬೆರಳು ಒತ್ತಿದಾಗ ಅಂಥ ಆದೇಶ ಇರಲಿಲ್ಲ.

ನಮಗೆ ನಾವೇ ಕಚಗುಳಿ ಇಟ್ಟುಕೊಂಡರೆ ನಗು ಬರಲ್ಲ ಅಲ್ವಾ? ಅದಕ್ಕೂ ಇದೇ ಕಾರಣ. ಲಂಡನ್ನಿನ ಸಾರಾ ಬ್ಲೇಕ್‌ಮೋರ್ ಮತ್ತು ಜೊತೆಗಾರರು 1990ರ ದಶಕದ ಕೊನೆಯಲ್ಲಿ ಇದನ್ನು ರೋಬೋ ಇಟ್ಟು ಪರೀಕ್ಷಿಸಿದರು. ನೀವು ಎಡಗೈ ಆಡಿಸಿದರೆ ರೋಬೋ ನಿಮ್ಮ ಬಲ ಅಂಗೈ ಮೇಲೆ ಸ್ಪಂಜಿನ ತುಂಡನ್ನು ಆಡಿಸುತ್ತದೆ. ಕೂಡಲೇ ಆಡಿಸಿದರೆ ಕಚಗುಳಿ ಕಡಿಮೆ. ಸೆಕೆಂಡಿನ ಹತ್ತನೇ ಒಂದು ಭಾಗ, ಹತ್ತನೇ ಎರಡು ಭಾಗ ಅಂತ ತಡ ಮಾಡುತ್ತಾ ಹೋದಂತೆ ಕಚಗುಳಿ ಜಾಸ್ತಿಯಾಯಿತು. ಅಷ್ಟು ಚಿಕ್ಕ ತಡಕ್ಕೇ ನಮ್ಮ ಕೈ ಬೇರೆಯವರ ಕೈಯಂತಾಗಿಬಿಡುತ್ತದೆ!

ಇದಕ್ಕಿಂತ ಬೆರಗಾಗಿಸುವುದು ಫ್ರಾನ್ಸಿನ ಲಿಯಾನ್‌ನಿಂದ 2009ರಲ್ಲಿ ಬಂದ ವರದಿ. ಎಚ್ಚರವಾಗಿದ್ದ 7 ರೋಗಿಗಳಿಗೆ ಮೆದುಳಿನ ಆಪರೇಷನ್ ಮಾಡುವಾಗ, ಬೇರೆ ಬೇರೆ ಜಾಗಕ್ಕೆ ಸಣ್ಣದಾಗಿ ಕರೆಂಟ್ ಮುಟ್ಟಿಸಿ ನೋಡಿದರು. ಮೆದುಳಿನ ಹಿಂಭಾಗದ ಒಂದು ಕಡೆ ಮುಟ್ಟಿಸಿದಾಗ ಕೈ ಆಡಿಸಬೇಕು ಅಂತ ತೀವ್ರವಾಗಿ ಅನಿಸಿತು. ಕರೆಂಟ್ ಇನ್ನೂ ಸ್ವಲ್ಪ ಏರಿಸಿದರೆ ‘ಆಡಿಸಿದೆ’ ಅಂತಲೇ ಹೇಳಿದರು. ಒಂದು ಸ್ನಾಯುವೂ ಮಿಸುಕಿರಲಿಲ್ಲ. ಮುಂಭಾಗದ ಇನ್ನೊಂದು ಕಡೆ ಮುಟ್ಟಿಸಿದಾಗ ಕೈ, ಬಾಯಿ ನಿಜವಾಗಿಯೂ ಆಡಿದವು. ಕೇಳಿದರೆ ‘ಇಲ್ಲವಲ್ಲ’ ಎಂದರು. ಈ ಎರಡನೇ ಗುಂಪು ನಿಮ್ಮ ದೊಡ್ಡಪ್ಪನಿಗೆ ಹತ್ತಿರ.

ಈಗ ಕಾಯಿಗೆ ಬರೋಣ. ಅಂಗೈ ಮೇಲೆ ಮಲಗಿದ ಕಾಯಿ ಗಟ್ಟಿಯಾಗಿ ಕೂತಿರುವುದಿಲ್ಲ. ಬೆರಳು ಚೂರು ಬಾಗಿದರೂ, ಮಣಿಕಟ್ಟು ಒಂದಿಷ್ಟು ಓರೆಯಾದರೂ ಹೊರಳುತ್ತದೆ. ಕೈ ಮಾಡಿದ್ದು ಗಮನಕ್ಕೇ ಬಾರದಷ್ಟು ಚಿಕ್ಕದು, ಕಾಯಿ ಎದ್ದಿದ್ದು ದೊಡ್ಡದು. ಮೆದುಳಿನ ಲೆಕ್ಕದಲ್ಲಿ ತಾಳೆಯಾಗಲ್ಲ. ಹಾಗಾಗಿ ‘ತಾನಾಗಿಯೇ ಎದ್ದಿತು’ ಅನಿಸುತ್ತದೆ. ಇಲ್ಲಿ ನೀರಿರಬಹುದು ಅನ್ನುವ ಊಹೆಯೊಂದು ಮನಸ್ಸಲ್ಲಿದ್ದರೆ ಸಾಕು, ಬೆರಳು ಅದಕ್ಕೆ ತಕ್ಕಂತೆ ಬಾಗುತ್ತದೆ. ಹೊಲದ ಇಳಿಜಾರು, ಹಸಿರು, ಪಕ್ಕದವರ ಬೋರು ಎಲ್ಲ ಕಣ್ಣಿಗೆ ಬಿದ್ದಿರುತ್ತವಲ್ಲ.

1853ರಲ್ಲಿ ಇಂಗ್ಲೆಂಡಿನಲ್ಲಿ ಇಂಥದ್ದೇ ಒಂದು ಹುಚ್ಚು ಹಬ್ಬಿತ್ತು. ಹತ್ತು ಜನ ಮೇಜಿನ ಮೇಲೆ ಕೈ ಇಟ್ಟು ಕೂತರೆ ಮೇಜು ತಿರುಗುತ್ತಿತ್ತು, ದೆವ್ವದ ಕೆಲಸ ಅಂತಿದ್ದರು. ವಿದ್ಯುತ್ ವಿಜ್ಞಾನಿ ಮೈಕೆಲ್ ಫ್ಯಾರಡೆ ಕೈಗೂ ಮೇಜಿಗೂ ನಡುವೆ ರಟ್ಟಿನ ಹಾಳೆಗಳನ್ನು ಮೆತ್ತನೆಯ ಅಂಟು ಹಚ್ಚಿ ಒಂದರ ಮೇಲೊಂದು ಇಟ್ಟ. ಮೇಜು ಎಳೆದಿದ್ದರೆ ಕೆಳಗಿನ ರಟ್ಟು ಮುಂದಿರಬೇಕಿತ್ತು. ಮೇಲಿನದು ಮುಂದಿತ್ತು, ಅಂದರೆ ತಳ್ಳಿದ್ದು ಕೈ. ಆಮೇಲೆ ಕೈಯ ಒತ್ತಡ ತೋರಿಸುವ ಒಂದು ಮುಳ್ಳು ಜೋಡಿಸಿ, ಅದು ಕೂತವರಿಗೇ ಕಾಣುವಂತೆ ಇಟ್ಟ. ಮೇಜು ತಿರುಗುವುದೇ ನಿಂತುಹೋಯಿತು. ಇಷ್ಟು ಸರಳ, ಇಷ್ಟು ಚೊಕ್ಕ ಪ್ರಯೋಗ ನನಗಂತೂ ಬೇರೆ ಗೊತ್ತಿಲ್ಲ.

ಒಂದು ಎಚ್ಚರಿಕೆ. ‘ನನ್ನ ಕೈಯನ್ನು ಬೇರೆ ಯಾರೋ ಆಡಿಸುತ್ತಿದ್ದಾರೆ’ ಅಂತ ದಿನನಿತ್ಯದ ಕೆಲಸದಲ್ಲೂ ಯಾರಿಗಾದರೂ ಅನಿಸುತ್ತಿದ್ದರೆ ಅದು ಬೇರೆ ಮಾತು. ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆಯಲ್ಲಿ ಹೀಗಾಗುವುದುಂಟು. ಮನೋವೈದ್ಯರಿಗೆ ತೋರಿಸಿ, ತಡ ಮಾಡಬೇಡಿ. ಕಾಯಿ ಹಿಡಿದಾಗ ಮಾತ್ರ ಹೀಗಾಗುವ ನಿಮ್ಮ ದೊಡ್ಡಪ್ಪನಿಗೆ ಅಂಥದ್ದೇನೂ ಇಲ್ಲ.

ಅವರು ಒಪ್ಪಿದರೆ ಒಂದು ಕೆಲಸ ಮಾಡಿ. ಕಾಯಿ ಎದ್ದ ಜಾಗಕ್ಕೆ ಗುರುತು ಹಾಕಿ. ಅವರ ಕಣ್ಣಿಗೆ ಬಟ್ಟೆ ಕಟ್ಟಿ, ನಾಲ್ಕು ಸುತ್ತು ಹಾಕಿಸಿ, ಕೈಹಿಡಿದು ಹೊಲದ ತುಂಬ ನಡೆಸಿ. ಎಲ್ಲೆಲ್ಲಿ ಎದ್ದಿತು ಅಂತ ಅವರೆದುರೇ ಗೂಟ ಹೊಡೆದು, ಆಮೇಲೆ ಬಟ್ಟೆ ಬಿಚ್ಚಿ ಇಬ್ಬರೂ ನೋಡಿ. ಬೋರ್ ಕೊರೆಸುವ ಮುಂಚೆ ಮಾತ್ರ ಭೂವಿಜ್ಞಾನಿಯಿಂದ ಒಂದು ಸರ್ವೆ ಮಾಡಿಸಿಬಿಡಿ.