ಡೆಡ್‌ಲಿಫ್ಟ್ ಮಾಡುವಾಗ ತೊಡೆ ಹಿಡಿದುಕೊಂಡಿದೆ, ಎಷ್ಟು ವಾರ ರೆಸ್ಟ್ ಬೇಕು?

ಡೆಡ್‌ಲಿಫ್ಟ್‌ನಲ್ಲಿ, ಅಂದರೆ ನೆಲದ ಮೇಲಿನ ಭಾರದ ಬಾರ್ ಎತ್ತುವಾಗ, ತೊಡೆಯ ಹಿಂಭಾಗ ಹಿಡಿದುಕೊಂಡಿದೆ, ಬಿಸಿ ಎಳ್ಳೆಣ್ಣೆ ಮಾಲೀಶ್ ಮಾಡಿಸಿಕೊಂಡು ಎಷ್ಟು ವಾರ ಮಲಗಬೇಕು ಅಂತ ಕೇಳಿದ್ದೀರಿ. ಮೊದಲು ಆ ಮಾಲೀಶ್ ನಿಲ್ಲಿಸಿ.

ನನಗೂ ಹೀಗೇ ಆಗಿತ್ತು, ಇಲ್ಲೇ ದಾವಣಗೆರೆಯಲ್ಲಿ. ಚಳಿಗಾಲದ ಬೆಳಿಗ್ಗೆ. ಕೆಲಸಕ್ಕೆ ಹೊತ್ತಾಯಿತು ಅಂತ ವಾರ್ಮ್‌ಅಪ್ ಬಿಟ್ಟು ನೇರ 120 ಕೆಜಿಗೆ ಕೈ ಹಾಕಿದೆ. ಬಾರ್ ಮಂಡಿ ದಾಟುವಷ್ಟರಲ್ಲಿ ತೊಡೆ ಹಿಂದೆ ಟಪ್ ಅಂತು. ಆದರೂ ಕುಂಟುತ್ತಾ ನಡೆಯೋಕೆ ಆಗುತ್ತಿತ್ತು. ಕೆಟ್ಟಿದ್ದು ಸಂಜೆ. ಗರಡಿ ಮನೆಯಲ್ಲಿ ಪಳಗಿದ ಹಿರಿಯರೊಬ್ಬರು ಬಿಸಿ ಎಣ್ಣೆ ಹಾಕಿ, ನೋವಿದ್ದ ಜಾಗವನ್ನೇ ಹೆಬ್ಬೆರಳಲ್ಲಿ ಒತ್ತಿ ಒತ್ತಿ ತಿಕ್ಕಿದರು. ನಾನೂ ಹಲ್ಲು ಕಚ್ಚಿಕೊಂಡು ‘ಇನ್ನೂ ಜೋರಾಗಿ’ ಅಂದೆ. ಬೆಳಿಗ್ಗೆ ಎದ್ದರೆ ತೊಡೆ ಊದಿ ಬಿಗಿದಿತ್ತು. ನೇರಳೆ ಹಣ್ಣಿನ ಬಣ್ಣದ ಕಲೆ ಮಂಡಿ ಹಿಂದಿನವರೆಗೂ ಇಳಿದಿತ್ತು. ಬೇಗ ಮುಗಿಯಬೇಕಾದ ನೋವು ತಿಂಗಳುಗಟ್ಟಲೆ ಎಳೆಯಿತು.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಹೀಗೆ ಹಿಡಿದುಕೊಂಡಾಗ ಸ್ನಾಯುವಿನ ಎಳೆಗಳು ಹರಿದಿರುತ್ತವೆ. ಒಳಗೆ ರಕ್ತ ಒಸರುತ್ತಿರುತ್ತದೆ. ಶಾಖ ಕೊಟ್ಟರೆ ರಕ್ತನಾಳ ಹಿಗ್ಗಿ ಇನ್ನೂ ಜಾಸ್ತಿ ಒಸರುತ್ತದೆ. ಒತ್ತಿ ತಿಕ್ಕಿದರೆ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಒಡೆಯುತ್ತದೆ. ಅಲ್ಲಿರುವುದು ಬಿಡಿಸಬೇಕಾದ ಗಂಟಲ್ಲ, ಗಾಯ. ಕೈ ಕೊಯ್ದುಕೊಂಡರೆ ಗಾಯದ ಮೇಲೆ ತಿಕ್ಕುತ್ತೀರಾ? ರಕ್ತ ಜಾಸ್ತಿ ಕಟ್ಟಿದ ಕಡೆ ಹೀಗೆ ತಿಕ್ಕಿದರೆ ಸ್ನಾಯುವಿನೊಳಗೆ ಎಲುಬು ಬೆಳೆಯುವ ಅಪಾಯವೂ ಇದೆ. ಮೊದಲ ಎರಡು ಮೂರು ದಿನ ಶಾಖ, ಮಾಲೀಶ್, ಕುಡಿತ ಮೂರೂ ಬೇಡ. ಕ್ರೇಪ್ ಬ್ಯಾಂಡೇಜ್ ಸುತ್ತಿ, ಕಾಲನ್ನು ದಿಂಬಿನ ಮೇಲಿಡಿ, ಸಾಕು.

ಇನ್ನು ‘ಎಷ್ಟು ವಾರ ರೆಸ್ಟ್’ ಅನ್ನೋ ಲೆಕ್ಕವನ್ನೇ ಬಿಡಿ. 1978ರಲ್ಲಿ ರೆಸ್ಟ್, ಐಸ್ ಅಂತ ಸೂತ್ರ ಕೊಟ್ಟ ಅಮೆರಿಕದ ಡಾಕ್ಟರ್ ಗೇಬ್ ಮಿರ್ಕಿನ್ ಅವರೇ, ಐಸ್ ಮತ್ತು ಪೂರ್ತಿ ರೆಸ್ಟ್ ಎರಡೂ ವಾಸಿಯಾಗೋದನ್ನು ತಡ ಮಾಡಬಹುದು ಅಂತ 2014ರಲ್ಲಿ ಬರೆದರು. ಹೊಸ ಎಳೆ ಸರಿಯಾಗಿ ಕೂಡಬೇಕಾದರೆ ಅದಕ್ಕೆ ಸ್ವಲ್ಪ ಭಾರ ಬೀಳಲೇಬೇಕು. ಊತ ಇಳಿದ ಮೇಲೆ ಮಲಗಿ ಸೊಂಟ ಎತ್ತುವ ಬ್ರಿಜ್ ಶುರು ಮಾಡಿ. ಆಮೇಲೆ 20 ಕೆಜಿಯ ಖಾಲಿ ಬಾರ್ ಹಿಡಿದು ರೊಮೇನಿಯನ್ ಡೆಡ್‌ಲಿಫ್ಟ್ (ನಿಂತು, ಮಂಡಿ ಸ್ವಲ್ಪವೇ ಬಗ್ಗಿಸಿ, ಸೊಂಟದಿಂದ ಬಾಗಿ ಬಾರ್ ಇಳಿಸಿ ಎತ್ತೋದು), ಇಳಿಸೋದು ನಿಧಾನ, ತುಂಬಾ ನಿಧಾನ. ಮಾರನೇ ಬೆಳಿಗ್ಗೆ ನೋವು ಹೆಚ್ಚಿಲ್ಲ ಅಂದರೆ ಮಾತ್ರ ಪ್ಲೇಟ್ ಸೇರಿಸಿ. ನಡೆಯುವಾಗ ನೋವಿಲ್ಲ ಅನ್ನೋದನ್ನು ನಂಬಿ ಹಳೇ ಭಾರಕ್ಕೆ ಹೋಗಬೇಡಿ; ಒಮ್ಮೆ ಹರಿದ ಜಾಗ ಮತ್ತೆ ಹರಿಯೋದು ಸುಲಭ. ವಾಸಿಯಾದ ಮೇಲೂ ಖಾಲಿ ಬಾರ್, 60, 90 ಅಂತ ಮೆಟ್ಟಿಲು ಹತ್ತಿಯೇ ದೊಡ್ಡ ಭಾರಕ್ಕೆ ಬನ್ನಿ, ಚಳಿಯಲ್ಲಂತೂ ತಪ್ಪಿಸಲೇಬೇಡಿ.

ಕಾಲೂರಲೇ ಆಗುತ್ತಿಲ್ಲ, ಅಥವಾ ಮುಟ್ಟಿದರೆ ತೊಡೆಯಲ್ಲಿ ಗುಳಿ ಸಿಗುತ್ತದೆ ಅಂದರೆ ಇದ್ಯಾವುದೂ ನಿಮಗಲ್ಲ. ಇವತ್ತೇ ಎಲುಬಿನ ಡಾಕ್ಟರ ಹತ್ತಿರ ಹೋಗಿ.