ನಿಮ್ಮ ಪ್ರಶ್ನೆ, ನಮ್ಮ ಉತ್ತರ: ಎಸಿಟಿ ಪ್ರಬಂಧದ ಅಂಕ ಏಳಕ್ಕೇ ನಿಂತಿದೆ

ಪ್ರಶ್ನೆ: ಮಗಳು ಶಿವಮೊಗ್ಗದಲ್ಲಿ ದ್ವಿತೀಯ ಪಿಯುಸಿ. ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಲು ಎಸಿಟಿ ಎಂಬ ಪ್ರವೇಶ ಪರೀಕ್ಷೆ ಬರೆಯುತ್ತಿದ್ದಾಳೆ, ಜೊತೆಗೆ ಪ್ರಬಂಧ ಬರೆಯುವ ರೈಟಿಂಗ್ ಭಾಗವನ್ನೂ. ಇಂಗ್ಲಿಷ್ ಚೆನ್ನಾಗಿಯೇ ಇದೆ, ಆದರೂ ಅಭ್ಯಾಸದ ಪ್ರಬಂಧಗಳಿಗೆ 12ಕ್ಕೆ 7 ದಾಟುತ್ತಿಲ್ಲ. ಇನ್ನಷ್ಟು ಕಠಿಣ ಪದ ಕಲಿಸಬೇಕೇ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಬೇಡ. ಅಂಕ ಕೊಡುವ ಕ್ರಮ ನೋಡಿದರೆ ಕಾರಣ ತಿಳಿಯುತ್ತದೆ. ಇಬ್ಬರು ಓದಿ ವಿಚಾರ, ಸಮರ್ಥನೆ, ಜೋಡಣೆ, ಭಾಷೆ ಎಂಬ ನಾಲ್ಕು ಬಾಬತ್ತಿಗೂ 1ರಿಂದ 6ರವರೆಗೆ ಅಂಕ ಹಾಕುತ್ತಾರೆ. ಇಬ್ಬರದೂ ಕೂಡಿದರೆ ಪ್ರತಿ ಬಾಬತ್ತಿಗೆ ಗರಿಷ್ಠ 12. ನಾಲ್ಕರ ಸರಾಸರಿಯನ್ನು ಪೂರ್ಣಾಂಕಕ್ಕೆ ತಂದರೆ ಅದೇ ಅಂತಿಮ ಅಂಕ. ವಿಚಾರಕ್ಕೆ 6, ಸಮರ್ಥನೆಗೆ 6, ಜೋಡಣೆಗೆ 8, ಭಾಷೆಗೆ 8 ಬಂದರೆ ಸರಾಸರಿ 7. ಭಾಷೆ ತಿದ್ದಿ 9 ಮಾಡಿಕೊಂಡರೂ 7.25, ಅಂದರೆ ಮತ್ತೆ ಏಳೇ. ಮೊದಲೆರಡನ್ನು ತಲಾ ಒಂದು ಏರಿಸಿದರೆ 7.5, ಅಂಕ ಎಂಟಕ್ಕೆ ಹೋಗುತ್ತದೆ.

ನಮ್ಮ ಮಕ್ಕಳಿಗೆ ಅಂಕ ಸೋರುವುದು ಹೆಚ್ಚಾಗಿ ಆ ಮೊದಲೆರಡರಲ್ಲಿ. ಎಸ್ಸೆಸ್ಸೆಲ್ಸಿಯಿಂದ ಬಂದ ಪೀಠಿಕೆ, ವಿಷಯ ವಿವರಣೆ, ಉಪಸಂಹಾರದ ರೂಢಿಯಲ್ಲಿ ವಿಷಯದ ಬಗ್ಗೆ ಗೊತ್ತಿದ್ದುದನ್ನೆಲ್ಲ ಬರೆದು, ಅನುಕೂಲ-ಅನಾನುಕೂಲ ಎರಡನ್ನೂ ಹೇಳಿ ಮುಗಿಸುತ್ತಾರೆ. ಎಸಿಟಿ ಕೇಳುವುದು ಬೇರೆಯದನ್ನು. ಒಂದು ವಿಷಯದ ಜೊತೆಗೆ ಮೂರು ದೃಷ್ಟಿಕೋನಗಳನ್ನು ಕೊಟ್ಟು, ‘ನಿನ್ನ ನಿಲುವೇನು, ಇವುಗಳಲ್ಲಿ ಒಂದಕ್ಕಾದರೂ ಅದು ಹೇಗೆ ಸಂಬಂಧಿಸುತ್ತದೆ’ ಎನ್ನುತ್ತದೆ. ಮೂರನ್ನೂ ಬೇರೆ ಮಾತಿನಲ್ಲಿ ಮತ್ತೆ ಹೇಳಿದರೆ ಅದು ಸಾರಾಂಶವಾಯಿತು, ಅಷ್ಟೇ.

ಸಮಯ 40 ನಿಮಿಷ. ಮೊದಲ 8 ನಿಮಿಷ ಟೈಪ್ ಮಾಡಲೇಬಾರದು. ಪ್ರತಿ ದೃಷ್ಟಿಕೋನದ ಎದುರು ‘ಇದು ಯಾವಾಗ ನಿಜ, ಯಾವಾಗ ಸುಳ್ಳು’ ಎಂದು ಒಂದೊಂದು ಸಾಲು ಗುರುತು ಹಾಕಿಕೊಂಡು, ಆಮೇಲೆ ನಿಲುವು ಆರಿಸಲಿ. ಬರೆಯಲು 27 ನಿಮಿಷ, ತಿದ್ದಲು 5. ಹೆಚ್ಚಿನವರು ತಿದ್ದುವ ಐದನ್ನು ಕೊನೆಯ ಪ್ಯಾರಾಕ್ಕೆ ಸುರಿದುಬಿಡುತ್ತಾರೆ. ಉಪಸಂಹಾರ ಎರಡೇ ವಾಕ್ಯವಾದರೂ ನಡೆಯುತ್ತದೆ, ಅರ್ಧಕ್ಕೆ ನಿಂತ ವಾದ ನಡೆಯುವುದಿಲ್ಲ.

ಪ್ರಶ್ನೆ: ಉದಾಹರಣೆಗೆ ಅಮೆರಿಕದ ಇತಿಹಾಸವೇ ಬೇಕೇ? ನಮ್ಮ ಊರಿನದು ಅವರಿಗೆ ಅರ್ಥವಾಗುತ್ತದೆಯೇ?
– ವಿದ್ಯಾರ್ಥಿನಿ, ಸಾಗರ

ಉತ್ತರ: ಊರಿನದೇ ಒಳ್ಳೆಯದು, ಬಾಯಿಪಾಠದ ಲಿಂಕನ್‌ಗಿಂತ ನೂರು ಪಾಲು ವಾಸಿ. ಯಂತ್ರಗಳಿಂದ ಕೆಲಸ ಹೋಗುತ್ತದೆಯೇ ಎಂಬ ವಿಷಯ ಬಂತು ಎನ್ನೋಣ. ‘ಯಂತ್ರ ಬಂದು ಕೂಲಿ ಹೋಯಿತು’ ಎಂದಷ್ಟೇ ಬರೆದರೆ ಅದು ಬರೀ ಹೇಳಿಕೆ. ಅಡಿಕೆ ಸುಲಿತ ತೆಗೆದುಕೊಳ್ಳಿ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವವರಿಗೆ ಸುಲಿದಷ್ಟಕ್ಕೆ ಕೂಲಿ. ಕೊಯ್ದ ಕಾಯಿ ಹೆಚ್ಚು ದಿನ ಕಾಯುವುದಿಲ್ಲ, ಆಳು ಸಿಗದಿದ್ದರೆ ಬೆಳೆಗಾರನಿಗೆ ನಷ್ಟ, ಹಾಗಾಗಿ ಯಂತ್ರ. ಇಲ್ಲಿಂದ ಮುಂದಿನ ಪ್ರಶ್ನೆ: ಯಂತ್ರ ಕೂಲಿಯನ್ನು ಓಡಿಸಿತೋ, ಕೂಲಿಯವರು ಸಿಗದ್ದಕ್ಕೆ ಯಂತ್ರ ಬಂತೋ? ಸಮರ್ಥನೆಯ ಅಂಕ ಇರುವುದು ಈ ‘ಏಕೆ’ಯಲ್ಲಿ. ಅಡಿಕೆ ಏನೆಂದು ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಅಡಿಕೆಯ ಮೇಲೆಯೇ ಪ್ರಬಂಧ ಬರೆಯುತ್ತ ಕೂರಬೇಡಿ, ಮಲೆನಾಡಿನವರಿಗೆ ಆ ಅಪಾಯ ಇದ್ದೇ ಇದೆ.

ಪ್ರಶ್ನೆ: ಎಷ್ಟು ಪದ ಬರೆಯಬೇಕು? ಟೈಪಿಂಗ್ ನಿಧಾನ.
– ವಿದ್ಯಾರ್ಥಿ, ಶಿಕಾರಿಪುರ

ಉತ್ತರ: ಪದಮಿತಿ ಇಲ್ಲ. 400ರಿಂದ 450 ಪದ ಇದ್ದರೆ ವಾದ ಬೆಳೆಸಲು ಜಾಗ ಸಿಗುತ್ತದೆ. 27 ನಿಮಿಷಕ್ಕೆ 450 ಎಂದರೆ ನಿಮಿಷಕ್ಕೆ ಸುಮಾರು 17 ಪದ, ಯೋಚಿಸುವ ಹೊತ್ತೂ ಸೇರಿ. ಬರೀ ನಕಲು ಮಾಡುವಾಗ ನಿಮಿಷಕ್ಕೆ 30 ಬಾರದಿದ್ದರೆ ಮೊದಲು ಅದನ್ನೇ ಸರಿಮಾಡಿಕೊಳ್ಳಿ. ಅಭ್ಯಾಸ ಮೊಬೈಲಿನಲ್ಲಿ ಬೇಡ, ಕೀಬೋರ್ಡಿನಲ್ಲೇ ಆಗಲಿ, ಸ್ಪೆಲ್ಲಿಂಗ್ ತಿದ್ದುವ ಸೌಲಭ್ಯ ಬಂದ್ ಮಾಡಿಕೊಂಡು. ತಿದ್ದುವಾಗ ‘ಡಿಸ್ಕಸ್ ಅಬೌಟ್’, ‘ಆರ್ ಹ್ಯಾವಿಂಗ್’, ಬಿಟ್ಟುಹೋದ ‘ದ’ (the) ಇಷ್ಟು ತಪ್ಪುಗಳನ್ನು ಹುಡುಕಿದರೂ ಅರ್ಧ ಕೆಲಸ ಆದಂತೆ.

ಇನ್ನೊಂದು: ರೈಟಿಂಗ್ ಅಂಕ 36ರ ಒಟ್ಟು ಅಂಕಕ್ಕೆ ಸೇರುವುದಿಲ್ಲ, ಹೆಚ್ಚಿನ ಕಾಲೇಜುಗಳು ಅದನ್ನು ಕೇಳುವುದೂ ಇಲ್ಲ. ನಿಮ್ಮ ಪಟ್ಟಿಯ ಕಾಲೇಜುಗಳ ಪ್ರವೇಶ ನಿಯಮ ಓದಿಕೊಂಡು, ಬೇಕಾದರೆ ಮಾತ್ರ ಹೆಚ್ಚುವರಿ ಶುಲ್ಕ ಕಟ್ಟಿ.