ಕರೆಂಟ್ ಬಂದರೆ ಭಯ: ಒಬ್ಬ ಎಂಜಿನಿಯರ್‌ನ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಉದ್ಯೋಗದ ಕೆಲವು ವಿವರಗಳನ್ನು ಬದಲಿಸಲಾಗಿದೆ. ಪ್ರಕಟಣೆಗೆ ಸಂಬಂಧಪಟ್ಟವರ ಒಪ್ಪಿಗೆ ಇದೆ.)

ತೀರ್ಥಹಳ್ಳಿ ಸೀಮೆಯ, ಇನ್ನೂ ಮೂವತ್ತು ತುಂಬದ ಈ ಯುವಕನನ್ನು ಶಿವಮೊಗ್ಗದಲ್ಲಿ ನನ್ನ ಬಳಿಗೆ ಕರೆತಂದವರು ಅವರ ತಂದೆ. ರಾತ್ರಿ ನಿದ್ದೆ ಇಲ್ಲ, ಫೋನ್ ಸದ್ದಾದರೆ ಎದೆ ಡವಡವ ಎನ್ನುತ್ತದೆ, ಹೋದ ಕರೆಂಟ್ ವಾಪಸ್ ಬಂದೊಡನೆ ಊಟ ಬಿಟ್ಟೆದ್ದು ಫೋನ್ ನೋಡಲು ಓಡುತ್ತಾನೆ ಎಂಬುದು ಅವರ ದೂರು. “ಎಲ್ಲರ ಹಾಗೆ ಬೆಂಗಳೂರಿಗೆ ಹೋಗಿದ್ದರೆ ಈ ಫಜೀತಿ ಇರ್ತಿರಲಿಲ್ಲ ಮೇಡಂ” ಎಂದರು. ಊರಲ್ಲೇ ಉಳಿದು ದುಡಿಯುವ ಮಕ್ಕಳ ಯಾವ ಕಷ್ಟಕ್ಕೂ ಮಲೆನಾಡಿನ ಮನೆಗಳಲ್ಲಿ ಇದೊಂದೇ ಕಾರಣ ಸಿದ್ಧವಾಗಿರುತ್ತದೆ. ತಂದೆಯನ್ನು ಹೊರಗೆ ಕೂರಿಸಿದ ಮೇಲೆಯೇ ಮಗ ಬಾಯಿ ಬಿಟ್ಟರು.

ಅಡಿಕೆ ಒಣಗಿಸುವ ಡ್ರೈಯರ್ ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಅವರಿಗೆ ಕೆಲಸ. ಡ್ರೈಯರ್‌ನ ಬಿಸಿಯನ್ನೂ ಗಾಳಿಯನ್ನೂ ನಿಯಂತ್ರಿಸುವ ಟಚ್‌ಸ್ಕ್ರೀನ್ ಪೆಟ್ಟಿಗೆಯೊಳಗೆ ಲಿನಕ್ಸ್ ಎಂಬ ಕಾರ್ಯನಿರ್ವಹಣಾ ವ್ಯವಸ್ಥೆ ಓಡುವ, ಪುಟ್ಟ ಕಂಪ್ಯೂಟರೇ ಆದ ಬೋರ್ಡ್ ಇದೆ. ಪರದೆಯ ಮೇಲಿನ ಪ್ರೋಗ್ರಾಂ ಅನ್ನು, ಪರದೆಯ ವಿಂಡೋ-ಗುಂಡಿಗಳನ್ನು ಕಟ್ಟಿಕೊಡುವ ಕ್ಯೂಟಿ ಎಂಬ ತಂತ್ರಾಂಶ ಬಳಸಿ ಅವರೊಬ್ಬರೇ ಬರೆದಿದ್ದಾರೆ. ಲ್ಯಾಪ್‌ಟಾಪಿನಲ್ಲಿ ಅದು ನೀರು ಕುಡಿದಷ್ಟು ಸಲೀಸಾಗಿ ಓಡುತ್ತಿತ್ತು. ಕೊಯ್ಲಿನ ಕಾಲದಲ್ಲಿ ಸಾಗರ, ಹೊಸನಗರದ ತೋಟದ ಮನೆಗಳಿಗೆ ಪೆಟ್ಟಿಗೆ ತಲುಪಿದ ನಂತರ ಒಂದಲ್ಲ ಒಂದು ಕಾಟ ಶುರುವಾಯಿತು. ಎಲ್ಲ ಕರೆಯೂ ಅವರ ಸ್ವಂತ ನಂಬರಿಗೇ ಬರುತ್ತಿತ್ತು. ಬೇಯಿಸಿದ ಅಡಿಕೆ ಡ್ರೈಯರ್‌ನಲ್ಲಿ ಅರ್ಧ ಒಣಗಿ ನಿಂತಿರುವಾಗ ಬೆಳೆಗಾರರ ಮಾತು ಎಷ್ಟು ಖಾರವಾಗಿರುತ್ತದೆ ಎಂಬುದನ್ನು ಇಲ್ಲಿಯವರಿಗೆ ವಿವರಿಸಬೇಕಿಲ್ಲ. “ನನಗೆ ಕೆಲಸವೇ ಬರುವುದಿಲ್ಲ ಎಂದು ಈಗ ಖಚಿತವಾಗಿದೆ” ಎಂಬುದು ಅವರು ತಮ್ಮ ಬಗ್ಗೆ ಕೊಟ್ಟುಕೊಂಡ ತೀರ್ಪು.

ಇಂಥ ಕಡೆ ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳುಹಿಸುವುದು ಸುಲಭ. ಆದರೆ ಆತಂಕಕ್ಕೆ ನಿಜವಾದ ಕಾರಣವೊಂದು ಹೊರಗೆ ಇರುವಾಗ, ಆತಂಕವನ್ನೇ ಕಾಯಿಲೆ ಎಂದು ಹಿಡಿದರೆ ಬಂದವರಿಗೆ ಅನ್ಯಾಯವಾಗುತ್ತದೆ. ನಾನು ಹಿಂದೆ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಮಾಡುತ್ತಿದ್ದವಳಾದ್ದರಿಂದ, ಬಂದ ಕರೆಗಳನ್ನೆಲ್ಲ ನೆನಪಿಸಿಕೊಂಡು, ಪ್ರತಿಯೊಂದರ ಮುಂದೆ ಆಗ ನಿಜವಾಗಿ ಏನು ಕೆಟ್ಟಿತ್ತು ಎಂಬುದನ್ನು ಬರೆದು ತರುವಂತೆ ಹೇಳಿದೆ.

ಮುಂದಿನ ಭೇಟಿಗೆ ಅವರು ತಂದ ನೋಟ್‌ಬುಕ್ ಈ ಪ್ರಕರಣದ ತಿರುಳು. ಹೆಚ್ಚಿನ ಕರೆಗಳು ಕರೆಂಟ್ ಹೋಗಿ ಬಂದ ನಂತರದವು: ಬೋರ್ಡ್ ಎಸ್‌ಡಿ ಕಾರ್ಡಿಗೆ ಬರೆಯುತ್ತಿರುವಾಗಲೇ ವಿದ್ಯುತ್ ಕಡಿದು, ಫೈಲ್ ವ್ಯವಸ್ಥೆ ಕೆಟ್ಟು, ಪೆಟ್ಟಿಗೆ ಮತ್ತೆ ಏಳುತ್ತಿರಲಿಲ್ಲ. ಇನ್ನು ಕೆಲವು ಕರೆಗಳು, ಎಚ್ಚರಿಕೆಯ ಸಂದೇಶ ಬಂದೊಡನೆ ಪ್ರೋಗ್ರಾಂ ಮುಚ್ಚಿಹೋಗುವುದಕ್ಕೆ ಸಂಬಂಧಿಸಿದ್ದವು. ಲ್ಯಾಪ್‌ಟಾಪಿನಲ್ಲಿ ವಿಂಡೋಗಳನ್ನು ಸಂಭಾಳಿಸುವ ವ್ಯವಸ್ಥೆಯೊಂದು ಇರುತ್ತದೆ. ಬೋರ್ಡಿನ ಮೇಲೆ ಅವರು ಬಳಸುತ್ತಿದ್ದ ಇಜಿಎಲ್‌ಎಫ್‌ಎಸ್ ವಿಧಾನದಲ್ಲಿ ಅದು ಇಲ್ಲ, ಇಡೀ ಪರದೆಗೆ ಒಂದೇ ವಿಂಡೋ, ಎರಡನೆಯದನ್ನು ತೆರೆಯಹೋದರೆ ಪ್ರೋಗ್ರಾಂ ದೋಷ ತೋರಿಸಿ ನಿಂತುಬಿಡುತ್ತದೆ. ಒಂದು ಕಡೆಯಂತೂ ‘ಬೆಟ್ಟೆ’ (ಅಡಿಕೆಯ ಒಂದು ಬಗೆ) ಎಂದಿರಬೇಕಾದ ಗುಂಡಿಯ ಮೇಲೆ ‘ಬೆಟ್‌ಟೆ’ ಎಂದು ಮೂಡಿತ್ತು. ಜಾಗ ಉಳಿಸಲು ಹೋಗಿ, ಒತ್ತಕ್ಷರ ಜೋಡಿಸುವ ಹಾರ್ಫ್‌ಬಝ್ ಭಾಗವನ್ನು ಕೈಬಿಟ್ಟು ಕ್ಯೂಟಿಯನ್ನು ಕಟ್ಟಿದ್ದರ ಫಲ ಅದು. ಆ ಮನೆಯ ಹಿರಿಯರು “ಕನ್ನಡ ಬರದವರು ಮಾಡಿದ ಮಿಷನ್” ಎಂದು ನಕ್ಕಿದ್ದು, ಉಳಿದೆಲ್ಲ ಬೈಗುಳಕ್ಕಿಂತ ಹೆಚ್ಚಾಗಿ ಇವರನ್ನು ಚುಚ್ಚಿತ್ತು.

ನೋಟ್‌ಬುಕ್ಕಿನಲ್ಲಿ ಕಂಡ ಇನ್ನೊಂದು ಸಂಗತಿ ಇವೆಲ್ಲಕ್ಕಿಂತ ಮುಖ್ಯ. ಅವರ ಲ್ಯಾಪ್‌ಟಾಪಿನ ಉಬುಂಟು 22.04ರಲ್ಲಿ (ಇದೂ, ಮುಂದೆ ಬರುವ ಡೆಬಿಯನ್ನೂ ಲಿನಕ್ಸ್‌ನ ಬಗೆಗಳು) ಇದ್ದದ್ದು, ಎಲ್ಲ ಪ್ರೋಗ್ರಾಂಗಳೂ ಆತುಕೊಳ್ಳುವ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2.35ನೇ ಆವೃತ್ತಿ, ಬೋರ್ಡಿನ ಡೆಬಿಯನ್ 11ರಲ್ಲಿ ಇದ್ದದ್ದು 2.31. ಹೊಸದಕ್ಕೆ ಜೋಡಿಸಿ ಕಟ್ಟಿದ ಪ್ರೋಗ್ರಾಂ ಹಳೆಯದರ ಮೇಲೆ ಏಳದ ಕಾರಣ, ಅವರು ಮೂಲ ಕೋಡನ್ನೇ ಹೊತ್ತುಕೊಂಡು ಹೋಗಿ, ತೋಟದ ಮನೆಯ ಜಗಲಿಯಲ್ಲಿ ಕುಳಿತು, ಬೋರ್ಡಿನ ಮೇಲೆಯೇ ಗಂಟೆಗಟ್ಟಲೆ ಕಂಪೈಲ್ ಮಾಡುತ್ತಿದ್ದರು, ಅಂದರೆ ಕೋಡನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುತ್ತಿದ್ದರು. ಅಲ್ಲಲ್ಲಿ ಸಿಕ್ಕ ತೊಂದರೆಯನ್ನು ಅಲ್ಲಲ್ಲೇ ತಿದ್ದುತ್ತಿದ್ದರು. ಹೀಗಾಗಿ ಒಂದು ಪೆಟ್ಟಿಗೆಯ ಹಾಗೆ ಇನ್ನೊಂದು ಇರಲಿಲ್ಲ. ಯಾವುದರಲ್ಲಿ ಏನಿದೆ ಎಂಬುದು ಅವರ ತಲೆಯಲ್ಲಿ ಮಾತ್ರ ಇತ್ತು. ಅಷ್ಟೂ ಪೆಟ್ಟಿಗೆಗಳನ್ನು ತಲೆಯಲ್ಲಿಟ್ಟುಕೊಂಡು ಮಲಗುವವರಿಗೆ ನಿದ್ದೆ ಎಲ್ಲಿಂದ ಬರಬೇಕು?

ನಾನು ಅವರಿಗೆ ಹೇಳಿದ್ದು ಇಷ್ಟು. ಪ್ರೋಗ್ರಾಂ ಬರೆಯುವುದು ಒಂದು ಕೆಲಸ, ಅದನ್ನು ಸಾಧನದಲ್ಲಿ ನೆಲೆಗೊಳಿಸುವುದು ಬೇರೆಯೇ ಕೆಲಸ. ನಿಮ್ಮ ಘಟಕದಲ್ಲಿ ಎರಡನೆಯದಕ್ಕೆ ಸಮಯವನ್ನೂ ಕೊಟ್ಟಿಲ್ಲ, ಹಣವನ್ನೂ ಎತ್ತಿಟ್ಟಿಲ್ಲ. ಯಾರೂ ಲೆಕ್ಕಕ್ಕೆ ಹಿಡಿಯದ ಆ ಕೆಲಸವನ್ನು ನೀವು ನಿದ್ದೆಗೆಟ್ಟು ಮಾಡುತ್ತಿದ್ದೀರಿ. ಅದು ಸರಿಹೋಗದಿರುವುದನ್ನು ಮೊದಲ ಕೆಲಸ ಬರುವುದಿಲ್ಲ ಎಂಬುದಕ್ಕೆ ಸಾಕ್ಷಿಯಾಗಿ ಹಿಡಿಯಬೇಡಿ. ಮಾಲೀಕರ ಬಳಿ ರಜೆ ಕೇಳುವ ಬದಲು ಈ ಕೆಲಸಕ್ಕೆಂದೇ ಒಂದು ತಿಂಗಳು ಕೇಳಿ. ಕೇಳುವಾಗ ನೋಟ್‌ಬುಕ್ ಮುಂದಿಡಿ, ಪೆಟ್ರೋಲ್ ಖರ್ಚನ್ನೂ ಅದರಲ್ಲಿ ಬರೆದಿರಿ.

ಆ ತಿಂಗಳಲ್ಲಿ ಏನು ಮಾಡಬೇಕೆಂಬುದು ಅವರಿಗೇ ಗೊತ್ತಿತ್ತು, ಕೇಳಿಸಿಕೊಳ್ಳುವವರು ಬೇಕಾಗಿತ್ತು ಅಷ್ಟೆ. ಬೋರ್ಡಿನ ಲೈಬ್ರರಿಗಳ ಪ್ರತಿಯನ್ನು ಲ್ಯಾಪ್‌ಟಾಪಿನಲ್ಲಿಟ್ಟುಕೊಂಡು ಅದಕ್ಕೇ ಹೊಂದುವಂತೆ ಕ್ರಾಸ್ ಕಂಪೈಲ್ ಮಾಡುವುದು (ಬೋರ್ಡಿಗೆ ಬೇಕಾದ ಪ್ರೋಗ್ರಾಂ ಅನ್ನು ಲ್ಯಾಪ್‌ಟಾಪಿನಲ್ಲೇ ಕಟ್ಟುವುದು), ಕನ್ನಡ ಫಾಂಟನ್ನು ಪ್ರೋಗ್ರಾಂನ ಒಳಗೇ ಸೇರಿಸುವುದು, ಎಚ್ಚರಿಕೆಗಳನ್ನು ಅದೇ ವಿಂಡೋದೊಳಗೆ ತೋರಿಸುವುದು, ಕರೆಂಟ್ ಹೋದರೂ ಕೆಡದಂತೆ ಕಾರ್ಡಿನ ಮೂಲ ವ್ಯವಸ್ಥೆಯನ್ನು ಓದಲಷ್ಟೇ ಸಾಧ್ಯವಾಗುವಂತೆ ಇಟ್ಟು ದಾಖಲೆಗಳಿಗೆ ಪ್ರತ್ಯೇಕ ವಿಭಾಗ ಕೊಡುವುದು. ಹೊಸ ಆವೃತ್ತಿಯನ್ನು ಪಕ್ಕದ ಇನ್ನೊಂದು ವಿಭಾಗಕ್ಕೆ ಹಾಕಿ, ಅದು ಏಳದಿದ್ದರೆ ಹಳೆಯದಕ್ಕೇ ಮರಳುವ ಏರ್ಪಾಡನ್ನೂ ಅವರು ವಿವರಿಸಿದರು. ಹಾಗೆ ವಿವರಿಸುತ್ತಿದ್ದಷ್ಟು ಹೊತ್ತು ಒಮ್ಮೆಯೂ ಫೋನಿನ ಕಡೆ ನೋಡಲಿಲ್ಲ. ನಾನು ಸೇರಿಸಿದ ಷರತ್ತು ಒಂದೇ: ಜಗಲಿಯಲ್ಲಿ ಕುಳಿತು ಕೋಡ್ ತಿದ್ದಕೂಡದು. ಕೆಟ್ಟ ಕಾರ್ಡ್ ತೆಗೆದು, ಒಂದೇ ಮಾದರಿಯ ಹೊಸ ಕಾರ್ಡ್ ಹಾಕಿ ವಾಪಸ್ ಬರಬೇಕು.

ರಾತ್ರಿ ಎಂಟರ ನಂತರದ ಕರೆಗಳು ಘಟಕದ ನಂಬರಿಗೆ ಹೋಗಬೇಕೆಂದು ಮಾಲೀಕರೊಂದಿಗೆ ಮಾತಾಯಿತು. ನಾಲ್ಕು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮೆಗ್ಗಾನ್ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬೇಕೆಂದೂ, ಅಷ್ಟರೊಳಗೆ ತೀರಾ ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕೆಂದೂ ಬರೆದುಕೊಟ್ಟೆ. ಎದೆ ಬಡಿತಕ್ಕೆ ದೇಹದ ಕಾರಣವೇನಾದರೂ ಇದೆಯೇ ಎಂದು ಮಗನನ್ನು ವೈದ್ಯರಲ್ಲಿ ಒಮ್ಮೆ ತೋರಿಸಲು ತಂದೆಗೂ ಹೇಳಿದೆ.

ಮಾಲೀಕರು ತಿಂಗಳು ಕೊಡಲಿಲ್ಲ, ಹದಿನೈದು ದಿನ ಕೊಟ್ಟರು. ಅಷ್ಟರಲ್ಲಿ ಓದಲಷ್ಟೇ ಸಾಧ್ಯವಾಗುವ ಕಾರ್ಡ್ ಸಿದ್ಧವಾಯಿತು. ಹಳೆಯದಕ್ಕೆ ತಾನಾಗಿ ಮರಳುವ ಏರ್ಪಾಡು ಇನ್ನೂ ಆಗಿಲ್ಲ. ನಿದ್ದೆ ವಾರದಲ್ಲಿ ನಾಲ್ಕೈದು ರಾತ್ರಿ ಸರಿಯಾಗಿ ಬರುತ್ತಿದೆ. ಹೊಸನಗರದ ಒಳಭಾಗದಲ್ಲಿರುವ ಕೆಲವು ಹಳೆಯ ಪೆಟ್ಟಿಗೆಗಳಿಗೆ ಈ ಕಾರ್ಡ್ ಇನ್ನೂ ತಲುಪಿಲ್ಲ. ಮುಂದಿನ ಭೇಟಿಯನ್ನು ಅವನ್ನು ಬದಲಿಸಿದ ನಂತರಕ್ಕೆ ಇಟ್ಟುಕೊಳ್ಳೋಣವೇ ಎಂದು ಅವರು ಕೇಳಿದಾಗ, ಬೇಡ, ಅದಕ್ಕೆ ಮೊದಲೇ ಬನ್ನಿ ಎಂದು ದಿನಾಂಕ ಕೊಟ್ಟಿದ್ದೇನೆ.